ಎರಡು ಪದರ ಫ್ಲಾನೆಲ್

೧೬ ನವೆಂಬರ್ ೧೯೫೮, ಆದಿತ್ಯವಾರ

ಇವತ್ತು ಪಾಣೆಮಂಗಳೂರು ಪೇಟೆಯಲ್ಲಿ ಒಬ್ಬ ಲಾರಿಯವನು ನನ್ನನ್ನು ತೋರಿಸಿ "ಅವರೇ ಫಿಲ್ಟರ್ ಟೀಚರ್" ಎಂದು ಇನ್ನೊಬ್ಬನಿಗೆ ಹೇಳಿದ. ನಾನು ಸೆರಗು ಎಳೆದುಕೊಂಡು, ಕೇಳಿಸದವಳ ಹಾಗೆ ಬಿರಬಿರನೆ ಮನೆಗೆ ಬಂದೆ. ಬಂಟ್ವಾಳದ ಹೆಣ್ಣುಮಕ್ಕಳ ಶಾಲೆಯಲ್ಲಿ ಹೊಲಿಗೆ, ಕಸೂತಿ ಕಲಿಸಿ ತಲೆಯಲ್ಲಿ ಒಂದೆರಡು ಬಿಳಿ ಕೂದಲು ಬಂದವು. ದಿಂಬಿನ ಚೀಲಕ್ಕೆ ನವಿಲು ಹಾಕುವುದಿದ್ದರೆ ನೀಲಾವತಿಯೇ ಹಾಕಬೇಕು ಎಂದು ಹೆಡ್‌ಮಿಸ್ಟ್ರೆಸ್ ಬಾಯಲ್ಲೇ ಬಂದಿದೆ. ಊರಿಗೆ ನೆನಪಿದ್ದದ್ದು ಮಾತ್ರ ಈ ಹೆಸರು.

ಎಲ್ಲ ಅಣ್ಣನ ಉಪಕಾರ. ಜತ್ತಪ್ಪಣ್ಣ ಬಾಡಿಗೆ ಕಾರು ಓಡಿಸುತ್ತಾನೆ. ಇಂಜಿನ್ನಿನ ಎಣ್ಣೆ ಸೋಸಲು ಕಾರಿನಲ್ಲಿ ಒಂದು ಡಬ್ಬಿ, ಆ ಡಬ್ಬಿಯೊಳಗೆ ಬಟ್ಟೆಯದೊಂದು ಚೀಲ ಇರುತ್ತದೆ. ಅದಕ್ಕೇ ಫಿಲ್ಟರ್ ಎನ್ನುವುದು. ವಿಲಾಯತಿ ಸಾಮಾನು ಬರುವುದು ನಿಂತ ಮೇಲೆ ಅದು ಎಲ್ಲಿಯೂ ಸಿಗುತ್ತಿಲ್ಲವಂತೆ. ಮಳೆಗಾಲದಲ್ಲಿ ಒಂದು ದಿನ ಹಳೆಯ ಚೀಲವೊಂದನ್ನು ನನ್ನ ಎದುರು ಹಾಕಿ, "ಇದೇ ಅಳತೆಗೆ ಒಂದು ಹೊಲಿದು ಕೊಡು ಮಾರಾಯ್ತಿ" ಎಂದ. ಕೊಟ್ಟೆ. ಅದು ಚೆನ್ನಾಗಿ ನಡೆಯಿತು. ಅವನ ಬಾಯಿ ಸುಮ್ಮನಿರುತ್ತದೆಯೆ? ಅವನ ಸ್ಟ್ಯಾಂಡಿನ ಡ್ರೈವರ್ ಹನೀಫಾ ಬಂದ, ಅವನ ಹಿಂದೆ ಉಳಿದವರೂ ಬಂದರು.

ಹಿತ್ತಿಲ ಬಾಗಿಲಿಗೆ ಬರಬೇಕು ಎಂದು ಎಲ್ಲರಿಗೂ ಹೇಳಿಸಿದ್ದೇನೆ. ಹೊಲಿದದ್ದನ್ನು ರವಿಕೆ ಕಣಗಳ ಅಡಿಯಲ್ಲಿ ಇಡುತ್ತೇನೆ. ಅಮ್ಮ ನಗುತ್ತಾಳೆ: "ಕಳ್ಳಭಟ್ಟಿ ಮಾರುವವರ ಹಾಗೆ ಯಾಕೆ ಮಾಡ್ತಿ ನೀಲು? ಹೊಲಿಗೆ ಅಲ್ವಾ ಅದು?"

ಹೊಲಿಗೆಯೇ. ಆದರೆ ಉಗುರಿನ ಸಂದಿಯ ಎಣ್ಣೆ ನೋಡಿ ಮೊನ್ನೆ ಏಳನೆಯ ಕ್ಲಾಸಿನ ಹುಡುಗಿಯರು ಒಬ್ಬರಿಗೊಬ್ಬರು ತಿವಿದುಕೊಂಡರು. ನಾನು ಕೈಗಳನ್ನು ಮೇಜಿನ ಕೆಳಗೆ ಇಟ್ಟುಕೊಂಡು ಪಾಠ ಮುಗಿಸಿದೆ.

೨೭ ನವೆಂಬರ್, ಗುರುವಾರ

ಅಬ್ದುಲ್ ವಹಾಬರು ಬಂದಿದ್ದರು. ಮೂಡಬಿದಿರೆಯ ಧನಿಗಳ ಕಾರು ಓಡಿಸುವವರು, ಮನೆ ಇಲ್ಲೇ ಹೊಳೆಬದಿಯಲ್ಲಿ. ಮಾತು ಕಡಿಮೆ, ಮಾತಾಡುವಾಗ ನೆಲ ನೋಡುತ್ತಾರೆ.

"ಟೀಚರ್, ಈಗ ಕಾಫಿ ಕೊಯ್ಲು. ಧನಿಗಳಿಗೆ ಘಟ್ಟದ ಮೇಲೆ ತೋಟ ಉಂಟಲ್ಲ, ವಾರ ವಾರ ಚಾರ್ಮಾಡಿ ಹತ್ತಲಿಕ್ಕುಂಟು. ರಾತ್ರಿ ಕಾರು ಅಲ್ಲೇ ಬಯಲಲ್ಲಿ ನಿಲ್ಲುವುದು. ಬೆಳಿಗ್ಗೆ ಆ ಚಳಿಗೆ ಎಣ್ಣೆ ತುಪ್ಪದ ಹಾಗೆ ಗಟ್ಟಿ ಆಗ್ತದೆ. ಮಂಗಳೂರಿಗೆ ಬೊಂಬಾಯಿಯಿಂದ ಕಾಗದದ ಫಿಲ್ಟರ್ ಬಂದಿದೆಯಂತೆ. ಅದು ತೆಗೊಳ್ಳುವುದಾ, ನಿಮ್ಮದೇ ಹಾಕುವುದಾ? ಒಳ್ಳೆದು ನೋಡಿ ಹಾಕು ಅಂತ ಧನಿಗಳು ಹೇಳಿದ್ದಾರೆ. ನೀವು ಹೇಗೆ ಹೇಳ್ತೀರೋ ಹಾಗೆ."

ನೀವು ಹೇಳಿದ ಹಾಗೆ ಎಂದು ನನ್ನನ್ನು ಯಾರೂ ಯಾವುದಕ್ಕೂ ಕೇಳಿದ್ದಿಲ್ಲ. ತಲೆ ಸ್ವಲ್ಪ ತಿರುಗಿತು ಎಂದೇ ಬರೆಯಬೇಕು.

"ಕಾಗದವಾ? ಎಣ್ಣೆಯಲ್ಲಿ ಕಾಗದ ಉಳೀತದಾ ಸಾಯಿಬರೇ? ಹೋಟೆಲಿನವರು ಗೋಳಿಬಜೆ ಕಟ್ಟಿಕೊಟ್ಟ ಕಾಗದ ಮನೆಗೆ ಮುಟ್ಟುವಾಗ ಹೇಗಾಗ್ತದೆ ನೋಡ್ಲಿಲ್ವಾ ನೀವು?" ಎಂದೆ.

ವಹಾಬರು ನಕ್ಕರು. "ಅದೂ ಹೌದು," ಎಂದರು. ಚಳಿಗೆ ಆಗುವಂಥದ್ದೇ ಹೊಲಿದು ಕೊಡುತ್ತೇನೆ ಎಂದು ಕಳಿಸಿದೆ.

೯ ಡಿಸೆಂಬರ್, ಮಂಗಳವಾರ

ವಹಾಬರ ಚೀಲ ಮುಗಿಸಿ ಕೊಟ್ಟೆ. ನಾನು ಘಟ್ಟದ ಮೇಲೆ ಹೋದವಳಲ್ಲ. ಧನುರ್ಮಾಸದಲ್ಲಿ ಹೊಳೆಯಿಂದ ಬರುವ ಗಾಳಿಗಿಂತ ಹೆಚ್ಚಿನ ಚಳಿ ಕಂಡವಳಲ್ಲ. ಆದರೂ ಚಳಿಗೆ ಏನು ಬೇಕೆಂದು ಗೊತ್ತಿಲ್ಲವೆ? ಬಾಣಂತಿ ಮನೆಗೆ ತೆಗೆದುಕೊಂಡು ಹೋಗುವ ಒಳ್ಳೆಯ ಫ್ಲಾನೆಲ್ಲನ್ನೇ ಎರಡು ಪದರ ಮಾಡಿ, ಒತ್ತು ಹೊಲಿಗೆ ಹಾಕಿದೆ. ಬಾಯಿಯ ಹತ್ತಿರ ಒಂದು ಇಂಚು ಹೆಚ್ಚು ಬಿಟ್ಟು ಒಳಗೆ ಮಡಚಿದ್ದೇನೆ. ಮಕ್ಕಳ ಅಂಗಿಗೆ ಬಿಡುವ ಹಾಗೆಯೇ. ಬಟ್ಟೆ ಕುಗ್ಗಿದರೂ ಸಾಲದೆ ಬರಬಾರದಲ್ಲ.

ವಹಾಬರು ಅದನ್ನು ಮುಟ್ಟಿ ನೋಡಿ, "ನನ್ನ ಅಂಗಿಗಿಂತ ಇದೇ ಒಳ್ಳೆದುಂಟು ಟೀಚರ್," ಎಂದರು. ನವಿಲು ಒಂದು ಹಾಕಲು ಬಾಕಿ ಎಂದು ಅಮ್ಮ ಒಳಗಿನಿಂದ ಹೇಳಿದಳು. ಮೂವರೂ ನಕ್ಕೆವು.

೧೯ ಡಿಸೆಂಬರ್, ಶುಕ್ರವಾರ

ಧನಿಗಳ ಕಾರು ಘಟ್ಟದಲ್ಲಿ ನಿಂತಿದೆಯಂತೆ. ಬೆಳಿಗ್ಗೆ ಮೇಲಿನಿಂದ ಹೊರಟು, ಇಳಿಯಲು ಸುರು ಮಾಡಿದ್ದಷ್ಟೆ. ಇಂಜಿನ್ ಕಟಕಟ ಸದ್ದು ಮಾಡಿ ಸ್ತಬ್ಧ. ಲಾರಿಗೆ ಕಟ್ಟಿ ಘಟ್ಟದ ಕೆಳಗಿನ ಕಕ್ಕಿಂಜೆಯವರೆಗೆ ಎಳೆದು ತಂದಿದ್ದಾರೆ. ಧನಿಗಳನ್ನು ಕರೆದು ತರಲು ಅಣ್ಣನ ಕಾರಿಗೇ ಹೇಳಿ ಕಳಿಸಿದ್ದರು. ಅವನು ಈಗ ಬಂದ. ಊಟ ಬೇಡ ಎಂದು ಮಲಗಿದ್ದಾನೆ.

ಜನಕ್ಕೆ ಏನೂ ಆಗಲಿಲ್ಲವಲ್ಲ, ದೇವರು ದೊಡ್ಡವನು.

೨೩ ಡಿಸೆಂಬರ್, ಮಂಗಳವಾರ

ಇದನ್ನು ಬರೆಯದೆ ಇರೋಣ ಎಂದು ನಾಲ್ಕು ದಿನ ನೋಡಿದೆ. ನಾವು ಮನೆಯಲ್ಲಿ ಆಡುವುದು ತುಳು. ತುಳುವಿನಲ್ಲಿ ಆದ ನಾಚಿಕೆಯನ್ನು ಕನ್ನಡದಲ್ಲಿ ಬರೆದರೆ ಅದು ಬೇರೆ ಯಾರದ್ದೋ ಅನ್ನಿಸೀತು ಎಂಬ ಆಸೆಯಿಂದ ಕೂತಿದ್ದೇನೆ.

ಇಂಜಿನ್ನಿನ ಬೇರಿಂಗ್ ಕರಗಿ ಹೋಗಿದೆ. ಎಣ್ಣೆ ತುಂಬ ಇತ್ತು, ಆದರೆ ಹೋಗಬೇಕಾದಲ್ಲಿಗೆ ಹೋಗಿಲ್ಲ. ಧನಿಗಳ ಮೆಕ್ಯಾನಿಕ್ ಫಿಲ್ಟರಿನ ಡಬ್ಬಿ ಬಿಚ್ಚಿದರೆ ಒಳಗೆ ಏನೂ ಇಲ್ಲ. ಖಾಲಿ. ಧನಿಗಳು ಕೇಳಿದರಂತೆ, "ಫಿಲ್ಟರ್ ಹಾಕಿದ್ದೇನೆ ಅಂತ ಹೇಳಿದೆಯಲ್ಲ, ಎಲ್ಲಿಗೆ ಹೋಯಿತು? ನುಂಗಿದೆಯಾ?" ವಹಾಬರು "ಹಾಕಿದ್ದೆ ಧನಿ" ಎಂದರಂತೆ. ಎಲ್ಲಿಂದ ತಂದದ್ದು ಎಂದು ಕೇಳಿದ್ದಕ್ಕೆ ಬಾಯಿ ಬಿಡಲಿಲ್ಲವಂತೆ. ಫಿಲ್ಟರ್ ನುಂಗಿದವನು ಎಣ್ಣೆ ಮಾರದೆ ಇರುತ್ತಾನೆಯೆ ಎಂದು ಧನಿಗಳ ಗುಮಾಸ್ತ ಒಂದು ಮಾತು ಸೇರಿಸಿದ. ವಹಾಬರನ್ನು ಅಲ್ಲಿಂದಲೇ ಕಳಿಸಿಬಿಟ್ಟರು. ಈಗ ಬೆಳ್ತಂಗಡಿಯಿಂದ ಬಂಟ್ವಾಳದವರೆಗೆ ಡ್ರೈವರುಗಳ ಬಾಯಲ್ಲಿ ಇದೇ ಸುದ್ದಿ. ಕಳ್ಳ ಎನಿಸಿಕೊಂಡ ಡ್ರೈವರನ ಕೈಗೆ ಇನ್ನು ಯಾರು ಕಾರು ಕೊಡುತ್ತಾರೆ?

"ಅಲ್ಲ ಅಣ್ಣ, ಚೀಲ ನಾನೇ ಕೊಟ್ಟದ್ದಲ್ವಾ? ಖಾಲಿ ಹೇಗೆ ಇರ್ತದೆ?" ಎಂದು ಕೇಳಿದೆ.

ಅಣ್ಣ ಎದ್ದು ಹೋಗಿ ತನ್ನ ಖಾಕಿ ಅಂಗಿಯ ಕಿಸೆಯಿಂದ ಒಂದು ಮುದ್ದೆ ತೆಗೆದು ನನ್ನ ಮಡಿಲಿಗೆ ಹಾಕಿದ. ನನ್ನ ಫ್ಲಾನೆಲ್.

"ಕಕ್ಕಿಂಜೆಯಲ್ಲಿ ವಹಾಬ್ ನಮಾಜಿಗೆ ಹೋದಾಗ ನಾನು ಡಬ್ಬಿ ಬಿಚ್ಚಿ ನೋಡಿದೆ. ಚೀಲದಲ್ಲಿ ಎಣ್ಣೆ ಇಳಿಯದಿದ್ದರೆ ಬೇರೆ ದಾರಿಯಲ್ಲಿ ಬಿಡ್ಲಿಕ್ಕೆ ಡಬ್ಬಿಯಲ್ಲಿ ಒಂದು ಸಣ್ಣ ಗುಂಡು ಉಂಟು. ನೀನು ಮಡಚಿ ಹಾಕಿದ್ದಿಯಲ್ಲ ಒಂದು ಇಂಚು, ಅದು ಹೋಗಿ ಆ ಗುಂಡಿನ ಬಾಯಿಗೆ ಕೂತಿತ್ತು. ಚೀಲದಲ್ಲೂ ಎಣ್ಣೆ ಇಳಿಯಲಿಲ್ಲ, ಆ ದಾರಿಯೂ ಮುಚ್ಚಿತು. ನಿನ್ನ ಹೆಸರು ಗ್ಯಾರೇಜುಗಳಲ್ಲಿ ಓಡಾಡುವುದು ಬೇಡ ಅಂತ ತೆಗೆದೆ ಮಾರಾಯ್ತಿ. ಡಬ್ಬಿ ಖಾಲಿ ಕಂಡರೆ ಅವನ ತಲೆಗೆ ಬರ್ತದೆ ಅಂತ ನನಗೆ ಎಲ್ಲಿ ಹೊಳೀತು?"

ನನಗೂ ಹೊಳೆಯಲಿಲ್ಲ. ಚಳಿಗೆ ಅಂತ ಇಂಜಿನ್ನಿಗೆ ಸ್ವೆಟರ್ ತೊಡಿಸಿದವಳು ನಾನು. ವಹಾಬರು ಕಾಗದದ್ದು ತರುತ್ತಿದ್ದರು. ನಗಾಡಿ ಬೇಡ ಮಾಡಿದವಳೂ ನಾನೇ.

೨ ಜನವರಿ ೧೯೫೯, ಶುಕ್ರವಾರ

ಹಿತ್ತಿಲ ಬಾಗಿಲಿಗೆ ಬಂದವರಿಗೆ ಮೆಷಿನ್ ಕೆಟ್ಟಿದೆ ಎಂದು ಹೇಳಿ ಹೇಳಿ ಸಾಕಾಯಿತು. ಅಮ್ಮ ಪೊಳಲಿ ದೇವಸ್ಥಾನಕ್ಕೆ ಹೋಗಿ ಕೈಮುಗಿದು ಬರುವ ಎಂದಳು. ಒಲ್ಲೆ ಎಂದೆ. ದೇವಿಯ ಮುಖ ನೋಡುವ ಮೊದಲು ನೋಡಬೇಕಾದ ಮುಖ ಇನ್ನೊಂದಿದೆ. ಅದಕ್ಕೆ ನನಗೆ ಧೈರ್ಯ ಇಲ್ಲ.

ಇವತ್ತು ಆ ಮುಖವೇ ಎದುರಾಯಿತು. ಹೊಳೆಬದಿಯ ದಾರಿಯಲ್ಲಿ ಬರುವಾಗ ವಹಾಬರು ಜಗಲಿಯಲ್ಲಿ ಹೆಂಡತಿ ಅವ್ವಮ್ಮನ ಜೊತೆ ಕೂತು ಬೀಡಿ ಕಟ್ಟುತ್ತಿದ್ದರು. ಸ್ಟಿಯರಿಂಗ್ ಹಿಡಿಯುವ ದೊಡ್ಡ ಕೈಗೆ ಆ ಎಲೆ ಬಗ್ಗುತ್ತಿರಲಿಲ್ಲ. ಅವ್ವಮ್ಮ ಅವರಿಗೆ ಬೆನ್ನು ಹಾಕಿ ಕೂತಿದ್ದಳು. ನನ್ನನ್ನು ಕಂಡು ವಹಾಬರು ಎದ್ದು ನಿಂತರು.

"ಸಾಯಿಬರೇ," ಎಂದೆ.

ಅವರು ಹೆಂಡತಿಯ ಕಡೆ ಒಂದು ಸಲ ನೋಡಿದರು. ಆಮೇಲೆ ನೆಲ ನೋಡಿ, "ಹೊತ್ತಾಯಿತು ಟೀಚರ್, ಹೋಗಿ. ಅಮ್ಮ ಕಾಯ್ತಾರೆ," ಎಂದರು.

ಅವರಿಗೆ ಎಲ್ಲ ಗೊತ್ತು. ಡಬ್ಬಿ ಯಾರು ಬಿಚ್ಚಿದ್ದು, ಯಾಕೆ ಬಿಚ್ಚಿದ್ದು, ಎಲ್ಲ. ಅವರು ನಮಾಜಿಗೆ ಹೋದಾಗ ಕಾರಿನ ಹತ್ತಿರ ಉಳಿದವನು ಅಣ್ಣನೇ ಅಲ್ಲವೆ? ಒಬ್ಬ ಹೆಣ್ಣಿನ ಹೆಸರು ಹತ್ತು ಜನರ ಬಾಯಿಗೆ ಬೀಳಬಾರದೆಂದು ಬಾಯಿ ಮುಚ್ಚಿಕೊಂಡಿದ್ದಾರೆ. ಬೈದಿದ್ದರೆ ಎಷ್ಟು ಸುಖವಿತ್ತು. ಮನೆಗೆ ಬಂದು ಬಚ್ಚಲಲ್ಲಿ ಅತ್ತೆ.

೬ ಜನವರಿ, ಮಂಗಳವಾರ

ಕಾರು ರಿಪೇರಿ ಆಗಿ ಬಂತು. ವಹಾಬರ ಜಾಗಕ್ಕೆ ಧನಿಗಳು ಡ್ರೈವರ್ ಹುಡುಕುತ್ತಿದ್ದರು. ಸಿಕ್ಕಿದ. ನನ್ನ ಅಣ್ಣ.

ಒಪ್ಪಿಕೊಂಡೆಯಾ ಎಂದು ಕೇಳಿದೆ. "ನಾನು ಬೇಡ ಅಂದರೆ ಬೇರೆಯವನು ಹೋಗ್ತಾನೆ. ವಹಾಬನಿಗೆ ಸಿಗ್ತದಾ?" ಎಂದ. ನನ್ನ ಮುಖ ನೋಡದೆ ಎಂದ. ಅಮ್ಮ ಪಾಯಸ ಮಾಡಿದ್ದಳು. ಯಾರೂ ಎರಡನೆಯ ಸಲ ಹಾಕಿಸಿಕೊಳ್ಳಲಿಲ್ಲ.

೧೧ ಜನವರಿ, ಆದಿತ್ಯವಾರ

ಒಂದು ಯೋಚನೆ ಬಂದಿತ್ತು. ಬೇರಿಂಗ್ ಹಳೆಯದೇ ಇದ್ದಿರಬಹುದು, ಎಣ್ಣೆಯೇ ಕೆಟ್ಟದ್ದಿರಬಹುದು. ನನ್ನ ಚೀಲದಿಂದಲೇ ಆದದ್ದು ಎಂದು ಯಾರು ನೋಡಿದ್ದಾರೆ? ಈ ಯೋಚನೆ ಬಂದ ರಾತ್ರಿ ಚೆನ್ನಾಗಿ ನಿದ್ದೆ ಬಂತು. ಬೆಳಿಗ್ಗೆ ಅದಕ್ಕೂ ನಾಚಿಕೆಯಾಯಿತು. ಸರಿ, ನೋಡಿಯೇ ಬಿಡುವ ಎಂದು ಹೊರಟೆ.

ಬಂಟ್ವಾಳದ ಸೋಡಾ ಅಂಗಡಿಯಲ್ಲಿ ಉಮಿಯೊಳಗೆ ಹೂತಿಟ್ಟ ಐಸು ಸಿಗುತ್ತದೆ. ಒಂದು ಗಟ್ಟಿ ತಂದೆ. ಮನೆಯಲ್ಲಿ ಯಾರಿಗಾದರೂ ಜ್ವರವಾ ಎಂದು ದಾರಿಯಲ್ಲಿ ಕೇಳಿದವರಿಗೆಲ್ಲ ಜ್ವರವೇ ಎಂದೆ. ಕಾರಿನ ಎಣ್ಣೆಯ ಪಾತ್ರೆಯನ್ನು ಐಸಿನಲ್ಲಿ ಇಟ್ಟೆ. ನಾಲ್ಕು ಚೆಂಬಿನ ಬಾಯಿಗೆ ನಾಲ್ಕು ಬಟ್ಟೆ ಕಟ್ಟಿದೆ: ಎರಡು ಪದರ ಫ್ಲಾನೆಲ್, ಒಂದು ಪದರ ಫ್ಲಾನೆಲ್, ಅಣ್ಣ ಮೈ ಒರೆಸುವ ಹಳೆಯ ಬೈರಾಸು, ತೆಳ್ಳಗಿನ ಮಲ್ಲು ಬಟ್ಟೆ. ಎಣ್ಣೆ ಬೆಲ್ಲದ ಪಾಕದ ಹಾಗಾಯಿತು. ಹೊಯ್ದೆ.

ಮಲ್ಲಿನಲ್ಲಿ ಸರಸರ ಇಳಿಯಿತು, ಆದರೆ ನಾನು ಎಣ್ಣೆಗೆ ಬೆರೆಸಿದ್ದ ಸಣ್ಣ ಮರಳೂ ಜೊತೆಗೇ ಹೋಯಿತು. ಬೈರಾಸು ಮರಳು ಹಿಡಿಯಿತು, ಎಣ್ಣೆಯನ್ನು ನಿಧಾನಕ್ಕೆ ಬಿಟ್ಟಿತು. ಹತ್ತಿ ಎಣ್ಣೆ ಕುಡಿದು ಉಬ್ಬುತ್ತದೆ ಎಂದು ಕಾಣುತ್ತದೆ, ನೇಯ್ಗೆ ಸಡಿಲವಿದ್ದದ್ದೇ ಒಳ್ಳೆಯದು. ಒಂದು ಪದರ ಫ್ಲಾನೆಲ್ ಹನಿ ಹನಿ. ಹನೀಫಾ ಮಂಗಳೂರಿಗೆ ಹೋಗುವವನಿದ್ದ, ಅವನಿಂದ ಆ ಬೊಂಬಾಯಿಯ ಕಾಗದದ್ದನ್ನೂ ತರಿಸಿದ್ದೆ. ಅದನ್ನು ನೆರಿಗೆ ನೆರಿಗೆಯಾಗಿ ಮಡಚಿದ್ದಾರೆ, ಲಂಗಕ್ಕೆ ನೆರಿಗೆ ಹಿಡಿದ ಹಾಗೆ. ಅಂಗೈಯಗಲ ಜಾಗದಲ್ಲಿ ಗಜಗಟ್ಟಲೆ ಕಾಗದ. ಅದಕ್ಕೇ ಎಣ್ಣೆಗೆ ಇಳಿಯಲು ಅಷ್ಟು ಜಾಗ. ಮರಳು ಪೂರ್ತಿ ಹಿಡಿಯಿತು, ಎಣ್ಣೆಯೂ ಇಳಿಯಿತು. ಕರಗಲಿಲ್ಲ, ಹರಿಯಲಿಲ್ಲ. ಆ ನೆರಿಗೆ ಮಡಚಿದವರ ಬುದ್ಧಿಗೆ ಶಹಭಾಸ್ ಅನ್ನಬೇಕು. ಬೈರಾಸಿಗೂ ಹೀಗೆ ನೆರಿಗೆ ಹಿಡಿದರೆ ಹೇಗೆ ಎಂದು ಒಂದಕ್ಕೆ ಕಚ್ಚಾ ಹೊಲಿಗೆ ಹಾಕಿ ನೋಡುತ್ತ ಕೂತೆ, ಅಮ್ಮ ಊಟಕ್ಕೆ ಕರೆದದ್ದೇ ಕೇಳಿಸಲಿಲ್ಲ.

ಎರಡು ಪದರ ಫ್ಲಾನೆಲ್ಲಿನ ಮೇಲೆ ಎಣ್ಣೆ ಹಾಗೆಯೇ ನಿಂತಿತ್ತು. ಊಟ ಮಾಡಿ ಬಂದಾಗಲೂ ನಿಂತಿತ್ತು. ಚೆಂಬಿನ ತಳ ಒಣಗಿತ್ತು.

ಇನ್ನು ನೆಪ ಉಳಿಯಲಿಲ್ಲ.

೧೭ ಜನವರಿ, ಶನಿವಾರ

ನಾಳೆ ಮೂಡಬಿದಿರೆಗೆ ಹೋಗುತ್ತೇನೆ. ಅಣ್ಣನಿಗೆ ತಿಳಿಸಿಲ್ಲ, ಅವನು ಧನಿಗಳಲ್ಲೇ ಇದ್ದಾನೆ. ಅಮ್ಮನಿಗೆ ಹೇಳಿದೆ. "ನಿನ್ನ ಹೆಸರೂ ಹೋಗ್ತದೆ, ಅವನ ಕೆಲಸವೂ ಹೋಗ್ತದೆ," ಎಂದಳು. ಹೌದು ಎಂದೆ. ಆಮೇಲೆ, ಹೋಗುವಾಗ ಐಸಿಗೆ ಉಮಿ ಸಾಕಾ ಎಂದು ಅವಳೇ ಕೇಳಿದಳು.

೧೮ ಜನವರಿ, ಆದಿತ್ಯವಾರ

ಬಸ್ಸಿನಲ್ಲಿ ಮಡಿಲಿನ ಡಬ್ಬದಿಂದ ನೀರು ಸೋರಿ ಸೀರೆ ಎಲ್ಲ ಒದ್ದೆ. ಆ ಒದ್ದೆ ಸೀರೆಯಲ್ಲೇ ಧನಿಗಳ ಚಾವಡಿಯಲ್ಲಿ ನಿಂತೆ. ಒಕ್ಕಲಿನವರು ಕೆಲವರು, ಗುಮಾಸ್ತ, ಒಳಬಾಗಿಲಲ್ಲಿ ಹೆಂಗಸರು.

"ಜತ್ತಪ್ಪನ ತಂಗಿಯಲ್ವಾ? ಕೂತುಕೊಳ್ಳಿ ಟೀಚರ್," ಎಂದರು ಧನಿಗಳು. ಕೂರಲಿಲ್ಲ.

"ಆ ದಿನ ಡಬ್ಬಿ ಖಾಲಿ ಇರಲಿಲ್ಲ ಧನಿ. ಇದು ಇತ್ತು. ನಾನು ಹೊಲಿದದ್ದು," ಎಂದು ಫ್ಲಾನೆಲ್ ಚೀಲವನ್ನು ಎದುರು ಇಟ್ಟೆ. "ವಹಾಬರು ಮಂಗಳೂರಿನದ್ದು ತರ್ತೇನೆ ಅಂದಿದ್ದರು. ನಾನೇ ಬೇಡ ಅಂದೆ. ಇಂಜಿನ್ ಹಾಳಾದದ್ದು ನನ್ನ ತಪ್ಪಿನಿಂದ."

ಧನಿಗಳು ಚೀಲವನ್ನೂ ನನ್ನನ್ನೂ ನೋಡಿದರು. ಗುಮಾಸ್ತ ನಕ್ಕ. "ಚೀಲ ನಿನ್ನೆಯೂ ಹೊಲಿಬಹುದಲ್ಲ. ಒಬ್ಬ ಬ್ಯಾರಿಗೋಸ್ಕರ ಟೀಚರಮ್ಮ ಅಷ್ಟು ದೂರದಿಂದ ಬಂದದ್ದು ಯಾಕೆ ಅಂತ ಜನ ಕೇಳಿದರೆ?"

ಕಿವಿ ಸುಟ್ಟ ಹಾಗಾಯಿತು. ಆದರೆ ಬಾಯಿ ಅದರ ಪಾಡಿಗೆ ಅದು ಮಾತಾಡಿತು: "ಕೇಳಲಿ. ನಾನು ಉತ್ತರ ಹೇಳ್ತೇನೆ. ಈಗ ಸ್ವಲ್ಪ ಕಾರಿನ ಎಣ್ಣೆ ತರಿಸಿ ಧನಿ, ಎರಡು ಚೆಂಬೂ ಬೇಕು."

ಎಣ್ಣೆ ತಂದವನು ಅಣ್ಣ. ನನ್ನನ್ನು ಕಂಡು ಮೆಟ್ಟಲಲ್ಲೇ ನಿಂತುಬಿಟ್ಟ. ಆಮೇಲೆ ಬಂದು, ಐಸಿನಲ್ಲಿ ಪಾತ್ರೆ ಇಟ್ಟು, ತಾನೇ ತಿರುಗಿಸುತ್ತ ಕೂತ. ಎಣ್ಣೆ ಗಟ್ಟಿಯಾದ ಮೇಲೆ ನಾನು ಹೊಯ್ದೆ. ನಾನು ತಂದಿದ್ದ ಕಾಗದದ ಫಿಲ್ಟರಿನಲ್ಲಿ ಇಳಿಯಿತು. ಫ್ಲಾನೆಲ್ಲಿನ ಮೇಲೆ ಕೆರೆಯ ಹಾಗೆ ನಿಂತಿತು. ಒಳಬಾಗಿಲಿನ ಹೆಂಗಸರೂ ಹೊರಗೆ ಬಂದು ಬಗ್ಗಿ ನೋಡಿದರು. ಫ್ಲಾನೆಲ್ ನೀರಿಗೂ ಹಾಗೆಯೇ, ಮಗುವಿನ ಬಟ್ಟೆ ಒಣಗುವುದೇ ಇಲ್ಲ ಎಂದು ಧನಿಗಳ ಅಮ್ಮ ಹೇಳಿದರು.

ಧನಿಗಳು ಫ್ಲಾನೆಲ್ಲಿನ ಅಂಚನ್ನು ಬೆರಳಿನಿಂದ ಎತ್ತಿ, ಚೆಂಬಿನ ತಳ ನೋಡಿದರು. ಮತ್ತೆ ಕೇಳಿದರು, "ಹಾಗಾದರೆ ಡಬ್ಬಿಯಿಂದ ಇದನ್ನು ತೆಗೆದದ್ದು ಯಾರು?"

ಅದೊಂದಕ್ಕೆ ನಾನು ಉತ್ತರ ತಂದಿರಲಿಲ್ಲ.

"ನಾನು ಧನಿ," ಎಂದ ಅಣ್ಣ. ಕೈ ಒರೆಸಿಕೊಂಡು, ಕಾರಿನ ಚಾವಿ ತೆಗೆದು ಚಾವಡಿಯ ಅಂಚಿನಲ್ಲಿ ಇಟ್ಟ. "ತಂಗಿಯ ಹೆಸರು ಉಳಿಯಲಿ ಅಂತ ತೆಗೆದೆ. ವಹಾಬನಿಗೆ ಗೊತ್ತಿತ್ತು. ಅವನು ಹೇಳ್ಲಿಲ್ಲ, ನಾನೂ ಹೇಳ್ಲಿಲ್ಲ."

ವಹಾಬನಿಗೆ ನಾಳೆ ಬರಲಿಕ್ಕೆ ಹೇಳಿ ಎಂದಷ್ಟೇ ಹೇಳಿ ಧನಿಗಳು ಒಳಗೆ ಹೋದರು.

ಒಂದೇ ಬಸ್ಸಿನಲ್ಲಿ ಬಂದೆವು. ಬಂಟ್ವಾಳದಲ್ಲಿ ಇಳಿದ ಮೇಲೆ ಅಣ್ಣ, "ಐಸ್ ಎಲ್ಲಿ ಸಿಕ್ಕಿತು ನಿನಗೆ?" ಎಂದು ಕೇಳಿದ. ಸೋಡಾ ಅಂಗಡಿಯಲ್ಲಿ ಎಂದೆ. ತಲೆ ಅಲ್ಲಾಡಿಸಿದ. ನನ್ನ ಕೈಯ ಖಾಲಿ ಡಬ್ಬವನ್ನು ತೆಗೆದುಕೊಂಡು ಮುಂದೆ ನಡೆದ.

೨೪ ಜನವರಿ, ಶನಿವಾರ

ವಹಾಬರು ಮತ್ತೆ ಧನಿಗಳ ಕಾರಿನಲ್ಲಿದ್ದಾರೆ. ಶಾಲೆಯಲ್ಲಿ ಸುದ್ದಿ ಮುಟ್ಟಿ, ಹೆಡ್‌ಮಿಸ್ಟ್ರೆಸ್ ಕರೆದು ಎರಡು ಮಾತು ಹೇಳಿದರು. ಕೇಳಿಕೊಂಡೆ. ಆದರೂ ನಾನು ವಹಾಬರ ಎದುರು ಇನ್ನೂ ತಪ್ಪಾಯಿತು ಎಂದಿರಲಿಲ್ಲ. ಧನಿಗಳ ಚಾವಡಿಯಲ್ಲಿ ಹೇಳಿದ್ದು ಧನಿಗಳಿಗೆ. ವಹಾಬರು ವಾರದ ರಜೆಗೆ ಬಂದಿದ್ದಾರೆಂದು ಕೇಳಿ ಮಧ್ಯಾಹ್ನದ ಮೇಲೆ ಅವರ ಮನೆಗೆ ಹೋದೆ.

ಜಗಲಿಯಲ್ಲಿ ಅವ್ವಮ್ಮ ಒಬ್ಬಳೇ ಬೀಡಿ ಎಲೆ ಕತ್ತರಿಸುತ್ತ ಕೂತಿದ್ದಳು. ಅವರು ನಮಾಜಿಗೆ ಹೋಗಿದ್ದಾರೆ, ಈಗ ಬರ್ತಾರೆ ಎಂದು ಚಾಪೆ ಹಾಕಿದಳು. ನಾನು ಮೊದಲು ಅವಳಿಗೇ ಹೇಳಿದೆ: ನನ್ನಿಂದ ನಿಮ್ಮ ಮನೆಗೆ ಇಷ್ಟೆಲ್ಲ ಆಯಿತು, ತಪ್ಪಾಯಿತು ಎಂದು.

ಅವಳು ಕತ್ತರಿ ಕೆಳಗಿಟ್ಟಳು. ಕಣ್ಣು ತುಂಬಿತ್ತು.

"ನೀವು ಹೇಳಿದಿರಿ ಟೀಚರ್. ನಾನು ಯಾರ ಹತ್ತಿರ ಹೇಳುವುದು? ಕೆಲಸ ಹೋದ ಮರುದಿನವೇ ಕೇಳಿದೆ ನಾನು. ಧನಿಗಳದ್ದು ಏನಾದರೂ ತೆಗೊಂಡದ್ದು ಹೌದಾದರೆ ಹೇಳಿ, ಕೊಟ್ಟು ಬಿಡುವ ಅಂತ. ಅವರು ಎಂತದೂ ಹೇಳ್ಲಿಲ್ಲ. ಹೇಳದಿದ್ದರೆ ಹೌದು ಅಂತ ಅಲ್ವಾ ಅಂತ ನನ್ನ ಬುದ್ಧಿ. ಆ ದಿನದಿಂದ ಅನ್ನ ಬಡಿಸಿ ಎದ್ದು ಹೋಗ್ತಿದ್ದೆ. ಬೆನ್ನು ಹಾಕಿ ಕೂತುಕೊಳ್ತಿದ್ದೆ. ಊರಿನವರು ಕಳ್ಳ ಅಂದದ್ದಕ್ಕೆ ಅವರು ತಲೆ ತಗ್ಗಿಸಲಿಲ್ಲ ಟೀಚರ್. ನಾನು ಅಂದದ್ದಕ್ಕೆ ತಗ್ಗಿಸಿದರು."

ನನ್ನ ಒಂದು ಇಂಚು ಬಟ್ಟೆ ಇಲ್ಲಿಯವರೆಗೆ ಬಂದು ಕೂತಿದೆ ಎಂದು ನಾನು ಎಣಿಸಿಯೇ ಇರಲಿಲ್ಲ.

"ಧನಿಗಳ ಚಾವಡಿಯಲ್ಲಿ ಅಷ್ಟು ಗಂಡಸರ ಎದುರು ಹೇಳಿದಿರಂತೆ ನೀವು," ಎಂದಳು ಅವ್ವಮ್ಮ. "ನನಗೆ ಒಬ್ಬರ ಎದುರು ಬಾಯಿ ಬರುವುದಿಲ್ಲ. ಅವರು ನಿನ್ನೆ ನಗುತ್ತ ಬಂದರು, ನಾನು ಇನ್ನೂ ಮುಖ ಎತ್ತಲಿಲ್ಲ. ಹೇಗೆ ಹೇಳುವುದು ಟೀಚರ್? ನೀವು ಕಲಿಸುವವರಲ್ವಾ, ನನಗೂ ಹೇಳಿಕೊಡಿ."

ನನಗೆ ಗೊತ್ತಿದ್ದದ್ದನ್ನು ಹೇಳಿದೆ. ಯಾಕೆ ಹಾಗಾಯಿತು ಎಂದು ಮೊದಲಿಗೇ ಹೇಳಲು ಹೋಗಬೇಡಿ, ಹೋದರೆ ಅಲ್ಲೇ ಉಳಿದುಬಿಡುತ್ತೀರಿ. ಆದದ್ದನ್ನು ಒಂದೇ ಮಾತಿನಲ್ಲಿ ಹೇಳಿ, ನಿಲ್ಲಿಸಿ. ನನ್ನ ಎದುರು ಒಮ್ಮೆ ಹೇಳಿ ನೋಡಿ.

ಅವಳು ನಾಚಿ ನಕ್ಕಳು. ತಲೆಯ ಬಟ್ಟೆ ಸರಿಮಾಡಿಕೊಂಡಳು. "ನಾನು ನಿಮ್ಮನ್ನು ನಂಬಲಿಲ್ಲ," ಎಂದಳು, ಕತ್ತರಿಯನ್ನು ನೋಡುತ್ತ. ಮುಖ ನೋಡಿ 'ತಪ್ಪಾಯಿತು' ಎಂದೂ ಹೇಳಬೇಕು ಎಂದೆ. ಅವಳು ನನ್ನ ಮುಖ ನೋಡಿದಳು. "ನಾನು ನಿಮ್ಮನ್ನು ನಂಬಲಿಲ್ಲ. ತಪ್ಪಾಯಿತು."

ಅಂಗಳದಲ್ಲಿ ವಹಾಬರು ಟೊಪ್ಪಿ ಕೈಯಲ್ಲಿ ಹಿಡಿದು ನಿಂತಿದ್ದರು. ಯಾವಾಗ ಬಂದರೋ. ಕೇಳಿಸಿದೆ ಎಂದು ಮುಖ ನೋಡಿದರೆ ತಿಳಿಯುತ್ತಿತ್ತು.

"ಟೀಚರ್ ಬಂದಿದ್ದಾರೆ, ಚಹಾ ಇಡು," ಎಂದರು ಅವ್ವಮ್ಮನಿಗೆ. ಸ್ವರ ಸರಿ ಇರಲಿಲ್ಲ.

ಅವ್ವಮ್ಮ ಏಳಲಿಲ್ಲ. ಕೂತಲ್ಲಿಂದಲೇ ಮುಖ ಎತ್ತಿ, ಆ ಮಾತನ್ನು ಮತ್ತೊಮ್ಮೆ ಹೇಳಿದಳು. ಈ ಸಲ ನನಗಲ್ಲ.

ನಾನು ಎದ್ದು, ಚಹಾಕ್ಕೆ ನೀರಿಡಲು ಅವರ ಅಡಿಗೆಮನೆಗೆ ಹೋದೆ.